ಕೆಲಸಕ್ಕೆ ಜನವೇ ಸಿಗೋದಿಲ್ಲ

ಮದುವೆಮನೆಯ ಪಂಕ್ತಿ, ಬಸ್ಸಿನ ಕಿಟಕಿ ಪಕ್ಕದ ಸೀಟು, ಹಾಲಿನ ಡೇರಿಯ ಕಟ್ಟೆ, ಎಲ್ಲಿ ಕುಳಿತರೂ ಈಗ ಒಂದು ಮಾತು ಕಿವಿಗೆ ಬೀಳುತ್ತದೆ: "ಕೆಲಸಕ್ಕೆ ಜನವೇ ಸಿಗೋದಿಲ್ಲ ಸ್ವಾಮಿ. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ. ಇನ್ನು ಯಾರು ದುಡೀತಾರೆ?" ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಎಷ್ಟೋ ಸಲ ಅದೇ ಬಾಯಿಂದ: "ನಮ್ಮ ಹುಡುಗ ಬಿ.ಇ. ಮುಗಿಸಿ ಎರಡು ವರ್ಷ ಆಯ್ತು, ಎಲ್ಲೂ ಆಗಿಲ್ಲ. ನಿಮಗೆ ಗೊತ್ತಿರೋರು ಇದ್ದರೆ ಸ್ವಲ್ಪ ನೋಡಿ." ಮೊದಲ ಮಾತಿನಲ್ಲಿ ಸಿಟ್ಟಿರುತ್ತದೆ, ಎರಡನೆಯದರಲ್ಲಿ ಸಂಕಟ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಈ ವಿಷಯದಲ್ಲಿ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿ ಇರುವುದನ್ನು ಸ್ವಲ್ಪ ಸುತ್ತಿ ಬಳಸಿಯೇ ಹೇಳುತ್ತೇನೆ.

2025ರ ಫೆಬ್ರವರಿಯಲ್ಲಿ ಈ ಮಾತು ಡೇರಿಯ ಕಟ್ಟೆಯಿಂದ ಎದ್ದು ಬಹಳ ಎತ್ತರಕ್ಕೆ ಹೋಯಿತು. ಚೆನ್ನೈನ ಉದ್ಯಮಿಗಳ ಸಮಾವೇಶವೊಂದರಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್, ಸರ್ಕಾರದ ಸವಲತ್ತುಗಳಿಂದಾಗಿ ಕಟ್ಟಡ ಕಾರ್ಮಿಕರು ಊರು ಬಿಟ್ಟು ಬರಲು ಮನಸ್ಸು ಮಾಡುತ್ತಿಲ್ಲ ಎಂದರು. ಅದೇ ವಾರ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ, ಪುಕ್ಕಟೆ ರೇಷನ್ನೂ ಹಣವೂ ಸಿಗುವುದರಿಂದ ಜನ ದುಡಿಯಲು ಮುಂದೆ ಬರುತ್ತಿಲ್ಲ ಎಂಬ ಅರ್ಥದ ಮಾತಾಡಿತು. ಅಂದು ಪೀಠದ ಮುಂದಿದ್ದುದು ನಗರಗಳಲ್ಲಿ ಸೂರಿಲ್ಲದವರ ಪರವಾದ ಅರ್ಜಿ. ರಾತ್ರಿ ಮಲಗಲು ಒಂದು ಜಾಗ ಕೊಡಿ ಎಂದವರ ಎದುರಿಗೆ ಸೋಮಾರಿತನದ ಪ್ರಶ್ನೆ ಎದ್ದಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಬಡವನಿಗೆ ಅನ್ನ ಕೊಟ್ಟರೆ ಕೆಟ್ಟುಹೋಗುತ್ತಾನೆ ಎಂಬ ಭಯ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಹಳೇ ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದ 1876–78ರ ಬರವನ್ನೇ ನೋಡಿ. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು, ಇಲ್ಲವಾದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲೂ ಅದೇ ಗತಿ. ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ದಕ್ಷಿಣಕ್ಕೆ ಬಂದು ಪರಿಹಾರದ ಖರ್ಚು ಕಡಿಮೆ ಮಾಡಲು ಹೊರಟ. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚೂರು ಕಾಸು, ಅಷ್ಟು ಸಾಕು ಎಂದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ನಿಜವಾಗಿ ಹಸಿದವನಾದರೆ ಎಷ್ಟು ದೂರವಾದರೂ ನಡೆದು ಬರುತ್ತಾನೆ ಎಂಬ ಲೆಕ್ಕದಲ್ಲಿ ಕೆಲಸದ ಜಾಗವನ್ನೂ ಊರಿಂದ ದೂರ ಇಟ್ಟರು. ದುಡಿಯುವ ಮನಸ್ಸಿದೆಯೋ ಇಲ್ಲವೋ ಎಂದು ಅಳೆಯುವ ಪರೀಕ್ಷೆ ಅದು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟು ತಿಂದು ಮಣ್ಣು ಹೊತ್ತವರ ಜೀವ ಉಳಿಯುವುದಿಲ್ಲ ಎಂದು ಪಟ್ಟು ಹಿಡಿದು ವಾದಿಸಿದ. ಕೆಲವು ತಿಂಗಳ ಮೇಲೆ ಕೂಲಿ ಏರಿತು.

ಇಲ್ಲೇ ಇನ್ನೊಂದು ಸಂಗತಿ ಹೇಳಬೇಕು. ಇದೇ ಟೆಂಪಲ್ 1874ರಲ್ಲಿ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಅಲ್ಲಿ ಸತ್ತವರು ತೀರ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರನೆಂಬ ಹೆಸರು. ಆ ಹೆಸರನ್ನು ಕಳೆದುಕೊಳ್ಳುವ ಆತುರ ಅವನಿಗಿತ್ತು; ಅದರ ಬೆಲೆ ತೆತ್ತವರು ನಮ್ಮ ಸೀಮೆಯವರು. ಜೀವ ಉಳಿಸಿದ ಖರ್ಚನ್ನು ದುಂದು ಎಂದು ಕರೆಯುವವರನ್ನು ಕಂಡಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ.

ದುಡಿಮೆಯ ಮಾತು ಎದ್ದರೆ ನಮ್ಮಲ್ಲಿ ಶರಣರ ಕಾಯಕ ಬಾರದೆ ಇರುವುದಿಲ್ಲ. ಬರಲಿ, ಆದರೆ ಪೂರ್ತಿಯಾಗಿ ಬರಲಿ. ಕಲ್ಯಾಣದಲ್ಲಿ ಕಾಯಕದ ಪಕ್ಕದಲ್ಲೇ ದಾಸೋಹ ಇತ್ತು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು: ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಒಂದು ದಿನ ಹೆಚ್ಚಿಗೆ ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ, ಅಲ್ಲಿಯೇ ಸುರಿದು ಬಾ ಎಂದು ವಾಪಸು ಕಳಿಸಿದಳು. ನಾವು ಲಕ್ಕಮ್ಮನ ನಿಷ್ಠೆಯನ್ನು ಹೊಗಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಕಥೆಯಲ್ಲಿ ಆ ಊರೂ ಇದೆ. ಚೆಲ್ಲಿದ ಅಕ್ಕಿ ಆಯುವುದನ್ನು ಕಾಯಕವೆಂದು ಒಪ್ಪಿಕೊಂಡ ಊರು ಅದು. ಇನ್ನೊಬ್ಬರ ಅಂಗಳದ ಅಕ್ಕಿಯಲ್ಲಿ ಬದುಕುತ್ತಾನೆಂದು ಮಾರಯ್ಯನನ್ನು ಅಲ್ಲಿ ಹಂಗಿಸಿದ ಕಥೆ ಇಲ್ಲ. ಬೇಕಾದಷ್ಟನ್ನೇ ತರುವ ಅಭಿಮಾನಕ್ಕೆ ಆ ಮರ್ಯಾದೆಯೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಇನ್ನು ಲೆಕ್ಕಕ್ಕೆ ಬರೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಸೇರಿ 2024ರಲ್ಲಿ ಭಾರತದ ಉದ್ಯೋಗದ ಬಗ್ಗೆ ಒಂದು ವರದಿ ತಂದವು. ಅದರಲ್ಲಿರುವ 2022ರ ಅಂಕಿ ಹೀಗಿದೆ: ಓದು ಬರಹ ಬಾರದ ತರುಣರಲ್ಲಿ ನಿರುದ್ಯೋಗಿಗಳು ನೂರಕ್ಕೆ 3.4, ಪದವಿ ಪಡೆದ ತರುಣರಲ್ಲಿ ನೂರಕ್ಕೆ 29.1. ಒಂಬತ್ತು ಪಟ್ಟು ಹತ್ತಿರ ಹತ್ತಿರ. ಪುಕ್ಕಟೆ ಅಕ್ಕಿ ಜನರನ್ನು ಸೋಮಾರಿ ಮಾಡುತ್ತದೆ ಎನ್ನುವುದಾದರೆ, ಆ ಅಕ್ಕಿಯನ್ನೇ ನೆಚ್ಚಿದ ಮನೆಯ ಮಕ್ಕಳು ಮೊದಲು ಕೈಕಟ್ಟಿ ಕೂರಬೇಕಿತ್ತು. ಅವರು ಗಾರೆ ಕಲಸುತ್ತಿದ್ದಾರೆ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾರೆ, ಬೆಂಗಳೂರಿನ ಮಳೆಯಲ್ಲಿ ನೆನೆಯುತ್ತಾ ಊಟದ ಪೊಟ್ಟಣ ಹೊತ್ತು ಬೈಕು ಓಡಿಸುತ್ತಿದ್ದಾರೆ. ಪುಕ್ಕಟೆ ಅಕ್ಕಿಯಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ, ತಂಗಿಯ ಫೀಸು ಕಟ್ಟಲಾಗುವುದಿಲ್ಲ. ನಿರುದ್ಯೋಗಿಯಾಗಿ ಕಾಯುತ್ತಾ ಕೂರುವುದಕ್ಕೂ ಹಿಂದೆ ಒಂದಿಷ್ಟು ಆಸರೆ ಬೇಕು. ತೀರಾ ಬಡವನಿಗೆ ಆ ಆಸರೆಯಿಲ್ಲ, ಸಿಕ್ಕಿದ್ದನ್ನು ಹಿಡಿಯುತ್ತಾನೆ.

ಹಾಗಾದರೆ ಕಾಯುತ್ತಿರುವ ಪದವೀಧರನನ್ನು ಸಾಕುತ್ತಿರುವವರು ಯಾರು? ಅವನ ಮನೆಯವರು. ಅಪ್ಪನ ಎರಡೆಕರೆ, ಅಣ್ಣನ ಸಂಬಳ, ಅಜ್ಜನ ಪಿಂಚಣಿ, ಅಮ್ಮನ ಹಾಲಿನ ದುಡ್ಡು. ಗೃಹಲಕ್ಷ್ಮಿಯ 2000 ರೂಪಾಯಿಯಲ್ಲಿ ಮಗನ ಅರ್ಜಿ ಶುಲ್ಕ ಕಟ್ಟಿದ ತಾಯಂದಿರೂ ಇದ್ದಾರೆ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗನ ಹಿಂದೆ ಒಂದು ಇಡೀ ಕುಟುಂಬ ದುಡಿಯುತ್ತಿರುತ್ತದೆ. ನಮ್ಮ ದೇಶದ ದೊಡ್ಡ ನಿರುದ್ಯೋಗ ಭತ್ಯೆ ಯಾವ ಬಜೆಟ್ಟಿನಲ್ಲೂ ಇಲ್ಲ, ಅದನ್ನು ಮನೆಗಳು ಕೊಡುತ್ತಿವೆ.

ಸರ್ಕಾರ ಕೊಡುವ ಭತ್ಯೆಯನ್ನೂ ನೋಡೋಣ. ಯುವನಿಧಿಯ ನೋಂದಣಿ 2023ರ ಡಿಸೆಂಬರ್ 26ರಂದು ಶುರುವಾಯಿತು, ಮೊದಲ ಹಣ ಬಂದದ್ದು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ. ಆ ಸಲ ಸಿಕ್ಕಿದ್ದು 2022–23ರಲ್ಲಿ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ: ಪದವಿಯಾದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಎರಡು ವರ್ಷ ಆದರೆ ನಿಲ್ಲುತ್ತದೆ. ಕೆಲಸ ಸಿಕ್ಕರೂ ನಿಲ್ಲುತ್ತದೆ, ಮುಂದೆ ಓದಲು ಹೋದರೂ ಇಲ್ಲ. ಮೂರು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿ. 2024–25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ಇತ್ತು. ಮಣ್ಣು ಹೊರುವ ಕೂಲಿಯ ಮೂರನೇ ಒಂದು ಭಾಗಕ್ಕೂ ಸಾಲದ ದುಡ್ಡಿಗೆ ಮನಸೋತು ಪದವೀಧರ ನೌಕರಿಯನ್ನು ಒದೆಯುತ್ತಾನೆ ಎಂದು ನಂಬಬೇಕಾದರೆ ಅವನು ಲೆಕ್ಕವೇ ಕಲಿತಿಲ್ಲ ಎಂದುಕೊಳ್ಳಬೇಕು. ಅದೂ ಅಲ್ಲದೆ ಈ ಹಣಕ್ಕೆ ನೋಂದಾಯಿಸಿಕೊಂಡವರು ಸರ್ಕಾರ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ತಾನು ನಿರುದ್ಯೋಗಿ ಎಂದು ಸಹಿ ಹಾಕಲು ಕೈ ಬಾರದ ಹುಡುಗ ಹುಡುಗಿಯರು ನಮ್ಮ ನಡುವೆ ಇದ್ದಾರೆ.

ಹೊರಗಿನ ಅನುಭವವೂ ಹೀಗೇ ಇದೆ. ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಮೆಕ್ಸಿಕೊ, ಇಂಡೋನೇಷ್ಯಾ, ಫಿಲಿಪೈನ್ಸ್ ಸೇರಿದಂತೆ ಆರು ದೇಶಗಳ ಏಳು ನಗದು ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ಬರೆದರು. ಹಣ ಬಂದ ಮನೆಗಳಲ್ಲಿ ದುಡಿಮೆ ಕುಗ್ಗಿತೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಫಿನ್ಲೆಂಡ್ 2017 ಮತ್ತು 2018ರಲ್ಲಿ ಎರಡು ಸಾವಿರ ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಅವರು ಉಳಿದ ನಿರುದ್ಯೋಗಿಗಳಿಗಿಂತ ಕಡಿಮೆ ದುಡಿಯಲಿಲ್ಲ, ಒಂದಿಷ್ಟು ದಿನ ಹೆಚ್ಚೇ ದುಡಿದರು.

ಕೆಲಸಕ್ಕೆ ಜನ ಸಿಗುವುದಿಲ್ಲ ಎನ್ನುವವರ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವರನ್ನು ನೆಚ್ಚಬೇಕಾಗಿದೆ. ಆದರೆ ತೋಟದ ಲೈನ್ ಮನೆಗಳಲ್ಲಿ ಹುಟ್ಟಿದ ಮಕ್ಕಳು ಶಾಲೆಗೆ ಹೋದರು, ಓದಿದರು, ಅಪ್ಪ ಅಮ್ಮ ಬಾಗಿದ ಹಾಗೆ ಬಾಗಲಾರೆವು ಎಂದು ಹೊರಟರು. ಅವರು ಹೋಗಲಿ ಎಂದೇ ಅಲ್ಲವೇ ನಾವು ಶಾಲೆ ಕಟ್ಟಿದ್ದು? ಶಕ್ತಿ ಯೋಜನೆಯ ಪುಕ್ಕಟೆ ಬಸ್ಸು ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ಪೇಟೆಯ ಅಂಗಡಿ, ಗಾರ್ಮೆಂಟ್ಸಿಗೆ ಹೋಗಿಬರುವುದು ಸಲೀಸಾಯಿತು. ಪಕ್ಕದ ಹೊಲದವರು ಕೊಡುವ ಕೂಲಿಗೆ ಅವರು ಈಗ ಇಲ್ಲ ಎನ್ನಬಲ್ಲರು. ಇಲ್ಲ ಎನ್ನುವ ಈ ಶಕ್ತಿಯನ್ನೇ ಅನೇಕರು ಸೋಮಾರಿತನ ಎನ್ನುತ್ತಾರೆ. ನನಗದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಕ್ಕೆ ಕೊನೆಗೂ ಕೂಲಿಯವರ ಮನೆ ಬಾಗಿಲಿಗೆ ಬಂದ ಸ್ವಾತಂತ್ರ್ಯವಾಗಿ ಕಾಣುತ್ತದೆ.

ದುಡಿಯಲು ಒಪ್ಪಿದ ಹುಡುಗನನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದೂ ಇದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಚ್ಚಿನವರು ರೈತರ ಮಕ್ಕಳು. ಪತ್ರಿಕೆಗಳು ಅದನ್ನು ಬ್ರಹ್ಮಚಾರಿಗಳ ಯಾತ್ರೆ ಎಂದು ಬರೆದವು, ಓದಿದವರು ನಕ್ಕರು. ನಗುವ ವಿಷಯವಾಗಿರಲಿಲ್ಲ. ಬೆಳಗಿನ ಐದಕ್ಕೆ ಗದ್ದೆಗೆ ನೀರು ಕಟ್ಟುವ ಹುಡುಗನಿಗೆ ಹೆಣ್ಣಿಲ್ಲ, ಬೆಂಗಳೂರಿನ ಮಾಲ್‌ನಲ್ಲಿ ಹದಿನೈದು ಸಾವಿರಕ್ಕೆ ನಿಂತವನಿಗೆ ಇದೆ ಎಂಬುದನ್ನು ತೀರ್ಮಾನಿಸಿದವರು ಹಿರಿಯರಾದ ನಾವು. ಹೆಣ್ಣುಮಗಳು ಸಗಣಿ ಬಾಚುತ್ತಾ ಸವೆಯಬಾರದು ಎಂಬ ಅವಳ ತಾಯಿಯ ಆಸೆಯಲ್ಲೂ ನ್ಯಾಯವಿದೆ. ಆದರೆ ಹೊಲವನ್ನು ಮರ್ಯಾದೆಯಿಲ್ಲದ ಜಾಗವಾಗಿ ಮಾಡಿಟ್ಟು, ಅಲ್ಲಿಗೆ ಹುಡುಗರು ಹೋಗುತ್ತಿಲ್ಲ ಎಂದು ಗೊಣಗುವ ಹಕ್ಕು ನಮಗಿಲ್ಲ.

ಹೀಗಾಗಿ ಎಲ್ಲರ ಕಣ್ಣೂ ಸರ್ಕಾರಿ ನೌಕರಿಯ ಮೇಲೆ. ಅಲ್ಲೇನಾಗುತ್ತಿದೆ ಎಂದು ನೋಡಿ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಉತ್ತರ ಪತ್ರಿಕೆ ತಿದ್ದಿದ ಹಗರಣ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ಎಲ್ಲ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟಿನಲ್ಲಿ ಆಯಿತು. ಪ್ರಶ್ನೆಗಳ ಕನ್ನಡ ಅನುವಾದ ತಪ್ಪಾಗಿ ಡಿಸೆಂಬರಿನಲ್ಲಿ ಮತ್ತೆ ನಡೆಸಿದರು, ಆಗಲೂ ಕನ್ನಡ ತಪ್ಪಿತ್ತು. ಕನ್ನಡ ನಾಡಿನ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಅದು. 2011ರ ಸಾಲಿನ 362 ಹುದ್ದೆಗಳ ಕಥೆ ಇನ್ನೂ ಉದ್ದ: ಆಯ್ಕೆಪಟ್ಟಿಯನ್ನು 2014ರಲ್ಲಿ ಸರ್ಕಾರ ಹಿಂಪಡೆಯಿತು, ಕೊನೆಗೆ 2022ರಲ್ಲಿ ಕಾಯ್ದೆಯನ್ನೇ ತಂದು ನೇಮಕಕ್ಕೆ ದಾರಿ ಮಾಡಿದರು. ಇಪ್ಪತ್ತೈದರಲ್ಲಿ ಅರ್ಜಿ ಹಾಕಿದವರಿಗೆ ಆಗ ಮೂವತ್ತಾರು.

ಹೀಗೆ ವರ್ಷಗಟ್ಟಲೆ ಕಾದವರಲ್ಲಿ ಕೆಲವರ ದುಡಿಯುವ ರೂಢಿ ತಪ್ಪುವುದು ನಿಜ. ಹತ್ತು ಗಂಟೆಗೆ ಏಳುತ್ತಾರೆ, ಮೊಬೈಲು ನೋಡುತ್ತಾರೆ, ಸಂಜೆ ಸರ್ಕಲ್ಲಿನಲ್ಲಿ ನಿಲ್ಲುತ್ತಾರೆ. ತುಂಬಾ ದಿನ ಕಟ್ಟಿಹಾಕಿದ ಎತ್ತಿನ ಕಾಲು ಹಿಡಿದುಕೊಳ್ಳುತ್ತದೆ. ಅದನ್ನು ಮೈಗಳ್ಳ ಎಂದು ಬಾರುಕೋಲಿನಿಂದ ಹೊಡೆಯುವುದು ತಪ್ಪು.

ಕೂಲಿಯಾಳು ಬೇಕೆನ್ನುವವರು ಸಂಬಳ ಎಷ್ಟು, ದಿನಕ್ಕೆ ಎಷ್ಟು ಗಂಟೆ, ಪಿ.ಎಫ್. ಇದೆಯೇ ಎಂಬುದನ್ನು ಮೊದಲು ಹೇಳಲಿ. ಸರ್ಕಾರವನ್ನು ಕೇಳುವುದೂ ದೊಡ್ಡದೇನಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಇವೆ. ಅವುಗಳಲ್ಲಿ ಎಷ್ಟನ್ನು ತುಂಬುತ್ತೀರಿ ಎಂದು ತಿಳಿಸಿ. ಪರೀಕ್ಷೆಯ ದಿನ ಗೊತ್ತುಮಾಡಿ, ಗೊತ್ತುಮಾಡಿದ ದಿನವೇ ನಡೆಸಿ. ಪ್ರಶ್ನೆಗಳನ್ನು ಸರಿಯಾದ ಕನ್ನಡದಲ್ಲಿ ಕೊಡಿ. ಒಂದು ವರ್ಷದೊಳಗೆ ಆಯ್ಕೆಪಟ್ಟಿ ಹೊರಡಿಸಿ, ಹೆಸರಿಲ್ಲದವರು ಬೇರೆ ದಾರಿ ಹಿಡಿಯಲು ಅವರಿಗೆ ವಯಸ್ಸು ಉಳಿದಿರಲಿ.