ಓಡುವ ಯಂತ್ರದ ತಿರುಳು

ಮನೆಮಂದಿಯನ್ನು ಹೊರಗೆ ಕಳುಹಿಸದೆಯೇ ಹೆಂಚಿನ ಮನೆಯ ತೊಲೆಯನ್ನು ಬದಲಿಸುವ ಬಗೆಯನ್ನು ಜೀರಹಳ್ಳಿಯ ಹಿರಿಯರು ಬಲ್ಲರು. ಮೊದಲು ಆಸರೆಯ ಕಂಬ ನಿಲ್ಲಿಸಿ, ಭಾರವನ್ನು ಅದಕ್ಕೆ ಹೊರಿಸಿ, ಅನಂತರವೇ ಹಳೆಯ ತೊಲೆಯನ್ನು ಕಳಚಬೇಕು. ಓಡುತ್ತಿರುವ ಗಣಕಯಂತ್ರದಲ್ಲಿಯೂ ಇಂಥದೊಂದು ಕೆಲಸ ಸಾಧ್ಯವೆಂದು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ದೀಪಾವಳಿಗೆ ಊರಿಗೆ ಬಂದಾಗ ತಿಳಿಸಿದನು.

ಸ್ಮರಣೆಯನ್ನು ಹಂಚುವ, ಯಾವ ಕೆಲಸಕ್ಕೆ ಯಾವಾಗ ಸರದಿಯೆಂದು ನಿರ್ಧರಿಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು, ತಿರುಳು ಎನ್ನೋಣ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯಲ್ಲಿಯೂ ಕಾಸರಗೋಡಿನ ಸರಕಾರಿ ಶಾಲೆಗಳ ಗಣಕಯಂತ್ರಗಳಲ್ಲಿಯೂ ಇರುವುದು ಲಿನಕ್ಸ್ ಎಂಬ ತಿರುಳೇ.

"ತಿರುಳಿನಲ್ಲಿ ದೋಷ ಕಂಡರೆ ಯಂತ್ರವನ್ನು ನಿಲ್ಲಿಸಿ ಎಬ್ಬಿಸಿದರಾಯಿತಲ್ಲಪ್ಪ?" ಎಂದೆ. "ಆಸ್ಪತ್ರೆಯ ಯಂತ್ರವನ್ನು ಹಾಗೆ ನಿಲ್ಲಿಸೋಕೆ ಬಿಡೋದಿಲ್ಲ ಮೇಷ್ಟ್ರೇ, ಮುಂದಿನ ವಾರ, ಮುಂದಿನ ವಾರ ಅಂತಾರೆ. ಅಲ್ಲೀವರೆಗೆ ಕಳ್ಳರಿಗೆ ಬಾಗಿಲು ತೆರೆದೇ ಇರುತ್ತೆ" ಎಂದನು.

ದೊಡ್ಡ ಸರ್ವರ್ ಯಂತ್ರವು ಪುನಃ ಏಳುವಾಗ ತನ್ನ ಅಂಗಾಂಗಗಳನ್ನೆಲ್ಲ ತಪಾಸಣೆ ಮಾಡಿಕೊಳ್ಳುವುದಕ್ಕೇ ಹಲವು ನಿಮಿಷಗಳು ಬೇಕು. 2005ರಲ್ಲಿ ಲಿನಕ್ಸಿಗೆ ಸೇರಿದ ಕೆ-ಎಕ್ಸೆಕ್ ಎಂಬ ಉಪಾಯದಲ್ಲಿ ಹಳೆಯ ತಿರುಳು ತಾನೇ ಹೊಸದನ್ನು ಸ್ಮರಣೆಗೆ ತಂದಿರಿಸಿಕೊಂಡು, ಅದಕ್ಕೆ ಅಧಿಕಾರ ಒಪ್ಪಿಸಿ ಮರೆಯಾಗುತ್ತದೆ. ತಪಾಸಣೆಯ ಕಾಲ ಉಳಿಯುವುದು ನಿಜ. ಆದರೆ ನಡೆಯುತ್ತಿದ್ದ ಕೆಲಸಗಳೆಲ್ಲ ನಿಂತುಹೋಗುತ್ತವೆ. ಮನೆಮಂದಿ ಹೊರಗೆ ಬರಲೇಬೇಕಾಯಿತು!

ನನ್ನ ತೊಲೆಯ ಉಪಮೆಗೆ ಹೆಚ್ಚು ಹೊಂದುವುದು ಇನ್ನೊಂದು ವಿಧಾನ. ಅಮೆರಿಕದ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಯಾಗಿದ್ದ ಜೆಫ್ ಆರ್ನಾಲ್ಡ್ 2008ರಲ್ಲಿ ಕೆ-ಸ್ಪ್ಲೈಸ್ ಎಂಬುದನ್ನು ಹೊರತಂದರು. ಇಂಥ ಸೌಕರ್ಯದ ತಳಹದಿಯು 2015ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.0ರಲ್ಲಿಯೇ ಸೇರಿತು. ಇಲ್ಲಿ ಇಡೀ ತಿರುಳು ಬದಲಾಗುವುದಿಲ್ಲ. ದೋಷವಿರುವ ಭಾಗದ ಹೊಸ್ತಿಲಲ್ಲಿ ನಿಂತು, ಒಳಬರುವ ಕೆಲಸವನ್ನು ತಿದ್ದಿದ ಭಾಗದ ಕಡೆಗೆ ತಿರುಗಿಸುತ್ತಾರೆ. ಆಗಲೇ ಹಳೆಯ ಭಾಗದ ನಡುವಿನಲ್ಲಿರುವ ಕೆಲಸವನ್ನು ಮಾತ್ರ ಎಳೆದು ತರುವಂತಿಲ್ಲ. ಅದು ತಾನಾಗಿ ಮುಗಿಸಿ ಹೊರಬರುವವರೆಗೆ ಕಾಯಬೇಕು. ನಡುವರ್ಷದಲ್ಲಿ ಪಾಠಕ್ರಮವನ್ನು ಬದಲಿಸುವವರು ಇಷ್ಟು ಸಂಯಮವನ್ನು ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಎಲ್ಲ ರೋಗಕ್ಕೂ ಇದು ಮದ್ದಲ್ಲ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ದೋಷವು ಬಹಳ ಆಳದ್ದಾಗಿ, ತೇಪೆಗೆ ಸುಲಭವಾಗಿ ಸಿಕ್ಕಲಿಲ್ಲ. ಅಸಂಖ್ಯ ಯಂತ್ರಗಳನ್ನು ನಿಲ್ಲಿಸಿಯೇ ಎಬ್ಬಿಸಬೇಕಾಯಿತು. ಅಲ್ಲದೆ, ವರ್ಷಗಟ್ಟಲೆ ಮಲಗದ ಯಂತ್ರ ಒಮ್ಮೆ ಮಲಗಿದರೆ ಎದ್ದೀತೆ ಎಂಬ ಅಂಜಿಕೆ ಬೇರೆ. ಅದಕ್ಕಾಗಿಯೇ ಅವನ ತಂಡದವರು ವರ್ಷಕ್ಕೆರಡು ಸಲ, ಆಸ್ಪತ್ರೆಯವರಿಗೆ ಮುಂಚಿತವಾಗಿ ತಿಳಿಸಿ, ಭಾನುವಾರದ ನಸುಕಿನಲ್ಲಿ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಎಬ್ಬಿಸುತ್ತಾರಂತೆ.