ಉದ್ಯಮಬಾಗ್‌ನಿಂದ ಅಪ್ಪನಿಗೆ

ಬೆಳಗಾವಿ

ಅಪ್ಪಾ,

ನಾವೆಲ್ಲ ಕ್ಷೇಮ. ಅಮ್ಮ, ಚಿಕ್ಕಮ್ಮ, ಮಕ್ಕಳು ಇವತ್ತಿನ ರಾಣಿ ಚೆನ್ನಮ್ಮ ರೈಲಿನಲ್ಲಿ ಅರಸೀಕೆರೆಗೆ ಹೊರಟಿದ್ದಾರೆ. ಈ ಕಾಗದವನ್ನು ಅಮ್ಮನ ಕೈಲೇ ಕಳಿಸುತ್ತಿದ್ದೇನೆ. ನಾನೂ ಮಧುವೂ ಕೆಟ್ಟುನಿಂತ ನಮ್ಮ ಟೆಂಪೋ ಟ್ರಾವೆಲರ್ ಜೊತೆ ಇಲ್ಲೇ ಉಳಿದಿದ್ದೇವೆ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಎಂಜಿನ್ ವಿಷಯವನ್ನು ಅರ್ಧಂಬರ್ಧ ಕೇಳಿಸಿಕೊಂಡು ರಾತ್ರಿಯೆಲ್ಲ ಕೊರಗುವುದು ಬೇಡ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಮಂಗೇಶಿ, ಶಾಂತಾದುರ್ಗೆಯ ದರ್ಶನ ಚೆನ್ನಾಗಿ ಆಯಿತು. ವಾಪಸು ಚೋರ್ಲಾ ಘಾಟಿನ ದಾರಿ ಹಿಡಿದೆವು. ಸಾಂಖಳಿ, ಕೇರಿ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೇ ಟೆಂಪರೇಚರ್ ಮುಳ್ಳು ಮೇಲೇರಿತು. ನಿಲ್ಲಿಸಿ, ಆರಲು ಬಿಟ್ಟು, ನೀರು ತುಂಬಿಸಿ ಹೇಗೋ ಕಣಕುಂಬಿ ಮುಟ್ಟಿದೆವು. ಅಲ್ಲಿ ನೋಡಿದರೆ ರೇಡಿಯೇಟರ್ ನೀರಿನಲ್ಲಿ ಗುಳ್ಳೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಮಲಪ್ರಭೆ ಹುಟ್ಟುವ ಊರು ಅದು. ಅಮ್ಮ ಮಾವುಲಿ ಗುಡಿಗೆ ಹೋಗಿ ಕೈಮುಗಿದು ಬಂದರು. ಅಲ್ಲಿಂದ ಜಾಂಬೋಟಿ ಮೇಲೆ ಬೆಳಗಾವಿಗೆ ಗಾಡಿಯನ್ನು ಎಳೆಸಿಕೊಂಡೇ ಬಂದೆವು.

ಮೊದಲು ನೋಡಿದ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹಾಕಿ ನಾಳೆಯೇ ಕಳಿಸುತ್ತೇವೆ ಅಂದರು. ಇನ್ನೊಬ್ಬರು ಸೆಕೆಂಡ್ಸ್ ಎಂಜಿನ್ ಸಿದ್ಧವಿದೆ, ಎತ್ತಿ ಕೂರಿಸೋಣ ಅಂದರು. ಉದ್ಯಮಬಾಗ್‌ನ ಮಿಸ್ತ್ರಿಯೊಬ್ಬರು ಮಾತ್ರ, "ಅಕ್ಕಾರ, ಅಳತಿ ತಗೊಳ್ಳಾರದ ನಾ ಏನೂ ಹೇಳಂಗಿಲ್ರಿ" ಅಂದರು. ಗಾಡಿಯನ್ನು ಅವರ ಅಂಗಳಕ್ಕೇ ತಳ್ಳಿಸಿದೆ. ಎರಕದ ಮನೆಗಳು, ಲೇತ್ ಅಂಗಡಿಗಳು, ಕ್ರ್ಯಾಂಕ್‌ಶಾಫ್ಟ್ ಮಾಡುವವರು ಒತ್ತೊತ್ತಾಗಿರುವ ಬಡಾವಣೆ ಇದು. ಕೆಡುವುದೇ ಆಗಿದ್ದರೆ ಇಂಥ ಊರಿನ ಹತ್ತಿರ ಕೆಟ್ಟದ್ದು ಪುಣ್ಯ.

ಬಿಚ್ಚುವ ಮೊದಲೇ ಕಂಪ್ರೆಷನ್ ನೋಡಿದರು. ಈ ಎಂಜಿನ್ನಿಗೆ ಹೊಸದರಲ್ಲಿ 22ರಿಂದ 24 ಬಾರ್ ಇರಬೇಕು, 15ರ ಕೆಳಗೆ ಇಳಿಯಬಾರದು, ಸಿಲಿಂಡರ್ ಸಿಲಿಂಡರಿಗೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮದರಲ್ಲಿ ಅಂಚಿನವೆರಡೂ 15ರ ಆಸುಪಾಸು, ನಡುವಿನವೆರಡು ತೀರ ಕೆಳಗೆ. ಆಮೇಲೆ ನಾಜಲ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಟ್ಟರು. ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಗ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬಂದರೆ ಇನ್ನೊಂದು ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲಿ ಬಿರುಕು, ಆಯಿಲ್ ಮುಚ್ಚಳದಲ್ಲಿ ಬುಸ್ ಅಂದರೆ ರಿಂಗು, ಬೋರು. ನಡುವಿನವೆರಡರಲ್ಲಿ ಗುಳ್ಳೆ ಎದ್ದಿತು. ಆದರೆ ಆಯಿಲ್ ಮುಚ್ಚಳದ ಬುಸುಗುಟ್ಟುವಿಕೆ ನಾಲ್ಕರಲ್ಲೂ ಇತ್ತು. ನೀವು ವರ್ಷದಿಂದ ಹೇಳುತ್ತಿದ್ದ ಬ್ಯಾಕ್ ಕಂಪ್ರೆಷನ್ ಅದೇ.

ಹೆಡ್ ಇಳಿಸಿದಾಗ ಪಿಸ್ಟನ್ ತಲೆಯ ಮೇಲೆ 0.50 ಅಂತ ಗುರುತು ಕಂಡಿತು. ಹಿಂದೆ ನೀವು ಹಾಸನದಲ್ಲಿ ಬೋರ್ ಮಾಡಿಸಿದ್ದರ ಗುರುತು. ಡಯಲ್ ಗೇಜ್ ಇಳಿಸಿ ನೋಡಿದರೆ ಬೋರು ಮೇಲ್ಗಡೆ ಅಗಲ, ಕೆಳಗಡೆ ಕಿರಿದು. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಏಣು ಇದೆ. ಬ್ಲಾಕಿನಲ್ಲಿ ಬಿರುಕಿಲ್ಲ. ಕ್ರ್ಯಾಂಕ್ 0.25 ಗ್ರೈಂಡಿಂಗಿಗೆ ಸರಿಹೋಗುತ್ತದೆ. ಹೆಡ್ಡನ್ನು ಪ್ರೆಷರ್ ಟೆಸ್ಟಿಗೆ ಕಳಿಸಿದ್ದಾರೆ.

ಅಪ್ಪಾ, ಪೂರ್ತಿ ಎಂಜಿನ್ ಕೆಲಸವನ್ನೇ ಮಾಡಿಸೋಣ ಅನ್ನುವುದು ನನ್ನ ಅಭಿಪ್ರಾಯ. ಬರೀ ಗ್ಯಾಸ್ಕೆಟ್ ಹಾಕಿದರೆ ಊರು ಮುಟ್ಟುತ್ತೇವೆ, ನಿಜ. ಆದರೆ ಎಣ್ಣೆ ಕುಡಿಯುವುದು ನಿಲ್ಲುವುದಿಲ್ಲ. ಮುಂದಿನ ಮಳೆಗಾಲದೊಳಗೆ ಅದೇ ಹೆಡ್ಡನ್ನು ಮತ್ತೆ ಬಿಚ್ಚಬೇಕು, ಗ್ಯಾಸ್ಕೆಟ್ಟಿಗೂ ಕೂಲಿಗೂ ಎರಡು ಸಲ ದುಡ್ಡು. ಸೆಕೆಂಡ್ಸ್ ಎಂಜಿನ್ನಿನ ಬೋರು ಯಾವ ಸೈಜಿನಲ್ಲಿದೆ, ಎಷ್ಟು ಸಲ ಕಾದಿದೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಬೇಕು. ಕಾಗದವಿಲ್ಲದ ಎಂಜಿನ್ ತಂದು ಆ ತಾಪತ್ರಯವನ್ನು ನಿಮ್ಮ ಹೆಸರಿಗೆ ಅಂಟಿಸಲು ನನಗೆ ಮನಸ್ಸಿಲ್ಲ. ಹೊಸ ಕಾಮನ್ ರೈಲ್ ಎಂಜಿನ್ ಹಾಕಬಹುದಲ್ಲ ಅಂತ ಮಧು ಕೇಳಿದ. ಅದಕ್ಕೆ ಕಂಪ್ಯೂಟರು, ವೈರಿಂಗು, ಮೌಂಟಿಂಗು ಎಲ್ಲ ಬೇರೆ. ಗಾಡಿಯನ್ನೇ ಬದಲಿಸಿದ ಹಾಗೆ.

ನಮ್ಮದು ಮತ್ತೆ ಕಟ್ಟಿಸಲು ಯೋಗ್ಯವಾದ ಎಂಜಿನ್. ಓಎಂ 616, ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ಓಡಿದ ಮರ್ಸಿಡಿಸ್ 240ಡಿ ಕಾರಿನಲ್ಲಿದ್ದದ್ದು. ಬಜಾಜ್ ಟೆಂಪೋದವರು ಪರವಾನಗಿ ಪಡೆದು ಇಲ್ಲೇ ತಯಾರಿಸಿದರು. ತಮ್ಮ ಟ್ರ್ಯಾಕ್ಸ್ ಗಾಡಿಗೂ ಇದನ್ನೇ ಹಾಕಿದ್ದರಿಂದ ಪಿಸ್ಟನ್ನು, ಬೇರಿಂಗು ಇನ್ನೂ ಸಿಗುತ್ತವೆ. ಪಂಪು ಪೂರ್ತಿ ಮೆಕ್ಯಾನಿಕಲ್, ಟೈಮಿಂಗಿಗೆ ಚೈನು. ಬ್ಲಾಕ್ ಒಡೆದಿದ್ದರೆ, ಇಲ್ಲವೇ ಚಾಸಿ ತುಕ್ಕು ತಿಂದಿದ್ದರೆ ಬೇರೆ ಮಾತು. ಜಾಕ್ ಹಾಕಿಸಿ ನಾನೇ ಅಡಿಯಲ್ಲಿ ನುಸುಳಿ ಸುತ್ತಿಗೆಯಿಂದ ತಟ್ಟಿ ನೋಡಿದೆ. ಮಳೆಗಾಲ ಮುಗಿದಾಗಲೆಲ್ಲ ನೀವು ಹೊಡೆಸಿದ ಬಣ್ಣ ಚಾಸಿಯನ್ನು ಕಾಪಾಡಿದೆ. ಹಾಗಾಗಿ ಮುಂದಿನ ಎಫ್‌ಸಿ ಬಗ್ಗೆ ಧೈರ್ಯವಿದೆ.

ಇನ್ನೊಂದು ಮುಖ್ಯ ವಿಷಯ. ಎಂಜಿನ್ ಎಷ್ಟೇ ಚೆನ್ನಾಗಿ ಕಟ್ಟಿದರೂ ಕಾದದ್ದು ಯಾಕೆ ಅನ್ನುವುದನ್ನು ಹಾಗೇ ಬಿಟ್ಟರೆ ಮುಂದಿನ ಘಾಟಿನಲ್ಲಿ ಅದೇ ಕಥೆ. ರೇಡಿಯೇಟರ್ ಬಿಚ್ಚಿಸಿದಾಗ ಕೊಳವೆಗಳಲ್ಲಿ ಅರ್ಧದಷ್ಟು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಗಡಸು ನೀರು ಸುರಿದದ್ದರ ಫಲ. ಕೋರನ್ನೇ ಬದಲಿಸಲು, ಥರ್ಮೋಸ್ಟಾಟ್, ವಾಟರ್ ಪಂಪ್ ಹೊಸತು ಹಾಕಲು ಹೇಳಿದ್ದೇನೆ. ಡೀಸೆಲ್ ಪಂಪು, ನಾಜಲ್ ಕ್ಯಾಲಿಬ್ರೇಷನ್ ಸಹ ಈಗಲೇ ಆಗಲಿ. ಇವಿಷ್ಟರಲ್ಲಿ ಕೈ ಬಿಗಿ ಮಾಡಬೇಡಿ ಅಪ್ಪಾ.

ಕೊಟೇಶನ್ ಇದರ ಜೊತೆಗಿದೆ. ಬೋರನ್ನು 1.00ಕ್ಕೆ ಒಯ್ಯುವುದೋ, ಸ್ಲೀವ್ ಹಾಕಿಸಿ ಸ್ಟ್ಯಾಂಡರ್ಡ್ ಸೈಜಿಗೆ ತರುವುದೋ ಅನ್ನುವುದನ್ನು ಮಾತ್ರ ನೀವು ಹೇಳಬೇಕು. ಮಿಸ್ತ್ರಿಗೆ ಎರಡೂ ಒಪ್ಪಿಗೆ. ಸ್ಲೀವ್ ಹಾಕಿದರೆ ಮುಂದೆ ಇನ್ನೊಂದು ಸಲ ಬೋರ್ ಮಾಡಲು ಜಾಗ ಉಳಿಯುತ್ತದೆ ಅಂತ ನನಗೆ ಅನ್ನಿಸುತ್ತದೆ. ಹಾಸನದ ಹಳೆಯ ಬಿಲ್ಲು ಬೀರುವಿನ ಫೈಲಿನಲ್ಲಿರಬೇಕು, ಕ್ರ್ಯಾಂಕಿಗೆ ಆಗ ಏನಾದರೂ ಮಾಡಿಸಿದ್ದರೆ ನೋಡಿ ಹೇಳಿ. ಅಮ್ಮ ಮನೆ ಮುಟ್ಟಿ ಈ ಕಾಗದ ಓದಿ ಹೇಳಿದ ಮೇಲೆ ಅವರ ಫೋನಿನಿಂದಲೇ ತಿಳಿಸಿ. ಅಲ್ಲಿಯವರೆಗೆ ಬ್ಲಾಕನ್ನು ಬೋರಿಂಗಿಗೆ ಕೊಡುವುದಿಲ್ಲ.

ಇಂತಿ ನಿಮ್ಮ ಮಗಳು
ಸುಮಾ