ಹಬ್ಬಕ್ಕೆ ಒಂದು ದಿನ ಮೊದಲೇ ಊರು ಸೇರಿ

ದೀಪಾವಳಿಗೆ ಊರಿಗೆ ಹೋಗೋದು ಅಂದ್ರೆ ಬೆಂಗಳೂರಲ್ಲಿರೋ ನಮ್ಮಂಥವರ ಲೆಕ್ಕ ಸಾಮಾನ್ಯವಾಗಿ ಒಂದೇ. ಹಬ್ಬದ ದಿನ ಬೆಳಗ್ಗೆ ಮನೆ ಸೇರಬೇಕು, ಮುಗಿದ ರಾತ್ರಿಯೇ ಬಸ್ ಹತ್ತಬೇಕು. ರಜೆ ಉಳಿಯುತ್ತೆ, ಹಬ್ಬವೂ ಆಗುತ್ತೆ. ಆದರೆ ಹಾಗೆ ಹೋದವರಿಗೆ ಕಾಣೋದು ಅಲಂಕಾರ ಮುಗಿದ ಮನೆ ಮಾತ್ರ. ತೋರಣ ಕಟ್ಟಿರುತ್ತೆ, ಅಂಗಳ ಸಾರಿಸಿರುತ್ತೆ, ಹಂಡೆಗೆ ನೀರು ತುಂಬಿರುತ್ತೆ. ಅದನ್ನೆಲ್ಲ ಮಾಡಿದ್ದು ಯಾರು, ಎಷ್ಟು ಹೊತ್ತು, ಯಾವ ಮಂಡಿನೋವಲ್ಲಿ ಅನ್ನೋದು ಕಾಣಲ್ಲ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬೆರಳೆಣಿಕೆಯಷ್ಟು ಮನೆ, ಸುತ್ತ ಅಡಿಕೆ ತೋಟ. ಹೆಚ್ಚಿನ ಮನೆಗಳಲ್ಲಿ ಈಗ ಇರೋದು ಅಪ್ಪ-ಅಮ್ಮ ಇಬ್ಬರೇ. ಮಲೆನಾಡಿನ ಹಳ್ಳಿಗಳು ವೃದ್ಧಾಶ್ರಮ ಆಗ್ತಿವೆ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಅದು ಮೊದಲು ಗೊತ್ತಾಗೋದು ಹಬ್ಬದ ಅಲಂಕಾರದಲ್ಲಿ. ಎರಡು ವರ್ಷದ ಹಿಂದೆ ನಮ್ಮ ಮುಂಬಾಗಿಲಿಗೆ ಪ್ಲಾಸ್ಟಿಕ್ ತೋರಣ ಬಂತು. ಅಮ್ಮನಿಗೆ ಅದು ಇಷ್ಟ ಅಂತೇನಲ್ಲ. ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಮಾವಿನ ಮರ ಹಿತ್ತಲಲ್ಲೇ ಇದೆ ಮಾರಾಯ, ಹತ್ತೋರು ಯಾರು?"

ಆವತ್ತಿಂದ ನಮ್ಮ ಮನೆಯಲ್ಲಿ ಪ್ರಯಾಣ ಮತ್ತು ಅಲಂಕಾರ ಒಂದೇ ಪ್ಲಾನ್. ಹಬ್ಬದ ದಿನಕ್ಕಿಂತ ಅದರ ಹಿಂದಿನ ದಿನಕ್ಕೆ ಟಿಕೆಟ್ ಮಾಡಿಸಬೇಕು ಅನ್ನೋದೇ ಅದರ ಮೊದಲ ನಿಯಮ. ಉಳಿದದ್ದು ಕೆಳಗಿದೆ.

ನಿಮ್ಮೂರಿನ ದೊಡ್ಡ ದಿನ ಯಾವುದು?

ಕಂಪನಿ ಕ್ಯಾಲೆಂಡರ್ ನೋಡಿ ರಜೆ ಹಾಕಬೇಡಿ, ಊರಿನ ಕ್ಯಾಲೆಂಡರ್ ನೋಡಿ ಹಾಕಿ. ಎಷ್ಟೋ ಕಂಪನಿಗಳಲ್ಲಿ ದೀಪಾವಳಿ ಅಂದ್ರೆ ಅಮಾವಾಸ್ಯೆಯ ಲಕ್ಷ್ಮೀಪೂಜೆ. ಮಲೆನಾಡಲ್ಲಿ ದೊಡ್ಡ ದಿನ ಬಲಿಪಾಡ್ಯಮಿ, ಗೋಪೂಜೆಯ ದಿನ. ಕೆಲಸ ಶುರುವಾಗೋದು ಅದಕ್ಕಿಂತ ಎಷ್ಟೋ ಮೊದಲು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆ ತೊಳೆದು, ಹೂ ಸುತ್ತಿ, ನೀರು ತುಂಬಬೇಕು.

2025ರ ಲೆಕ್ಕ ನೋಡಿ. ಅಕ್ಟೋಬರ್ 20 ಸೋಮವಾರ ನರಕ ಚತುರ್ದಶಿ, 22 ಬುಧವಾರ ಬಲಿಪಾಡ್ಯಮಿ. ರಾಜ್ಯ ಸರ್ಕಾರದ ರಜೆ ಈ ಎರಡು ದಿನ. ಈ ಎರಡೂ ರಜೆ ಕೊಡೋ ಕಂಪನಿಯಲ್ಲಿದ್ದರೆ ಮಂಗಳವಾರ, ಗುರುವಾರ, ಶುಕ್ರವಾರ ಮೂರು ದಿನ ರಜೆ ಹಾಕಿದರೆ ಸಾಕಿತ್ತು. 18ರ ಶನಿವಾರದಿಂದ 26ರ ಭಾನುವಾರದವರೆಗೆ ಒಂಬತ್ತು ದಿನ ಊರಲ್ಲಿರಬಹುದಿತ್ತು. ಅಷ್ಟು ರಜೆ ಇಲ್ಲ ಅಂದ್ರೆ? ಹಬ್ಬ ಮುಗಿದ ಮೇಲಿನ ದಿನಗಳನ್ನ ಬಿಡಿ, ಮೊದಲಿನ ಶನಿವಾರ-ಭಾನುವಾರ ಬಿಡಬೇಡಿ. ನಿಜವಾದ ಕೆಲಸ ಇರೋದು ಆಗ. ಆನ್-ಕಾಲ್ ಪಾಳಿ ಇರೋರು ಸೆಪ್ಟೆಂಬರ್‌ನಲ್ಲೇ ಅದಲುಬದಲು ಮಾಡ್ಕೊಳ್ಳಿ. ಕ್ರಿಸ್‌ಮಸ್‌ಗೆ ಊರಿಗೆ ಹೋಗೋ ಸಹೋದ್ಯೋಗಿ ಖುಷಿಯಿಂದ ಒಪ್ಪುತ್ತಾರೆ.

ಟಿಕೆಟ್: ಗಣಪತಿ ಹಬ್ಬಕ್ಕೂ ಮೊದಲೇ

ರೈಲು ಟಿಕೆಟ್ ಮುಂಗಡ ಬುಕಿಂಗ್ ಅವಧಿ ಮೊದಲು 120 ದಿನ ಇತ್ತು. 2024ರ ನವೆಂಬರ್ 1ರಿಂದ ಅದು 60 ದಿನ, ಪ್ರಯಾಣದ ದಿನ ಬಿಟ್ಟು. ಅಂದ್ರೆ 2025ರ ಅಕ್ಟೋಬರ್ 17ರ ಶುಕ್ರವಾರ ರಾತ್ರಿಯ ರೈಲಿಗೆ ಬುಕಿಂಗ್ ತೆರೆದದ್ದು ಆಗಸ್ಟ್ 18ರ ಬೆಳಗ್ಗೆ 8 ಗಂಟೆಗೆ. ಆ ವರ್ಷ ಗಣೇಶ ಚತುರ್ಥಿ ಇದ್ದದ್ದು ಆಗಸ್ಟ್ 27ಕ್ಕೆ. ಚೌತಿಯ ಕಡುಬಿಗೂ ಮೊದಲೇ ದೀಪಾವಳಿ ಟಿಕೆಟ್ ಆಗಿರಬೇಕು! ಫೋನಲ್ಲಿ ರಿಮೈಂಡರ್ ಇಟ್ಕೊಳ್ಳಿ. ವಾಪಸ್ ಟಿಕೆಟ್‌ನ ಬುಕಿಂಗ್ ತೆರೆಯೋದು ಬೇರೆ ದಿನ, ಅದಕ್ಕೂ ಇನ್ನೊಂದು ರಿಮೈಂಡರ್ ಬೇಕು.

ನಮ್ಮ ಕಡೆಗೆ ಅನುಕೂಲ ಮೈಸೂರಿಂದ ಬೆಂಗಳೂರು ಮೇಲೆ ಬರೋ ತಾಳಗುಪ್ಪ ರೈಲು. ರಾತ್ರಿ ಮಲಗಿದರೆ ಬೆಳಗ್ಗೆ ಸಾಗರ. ಆ್ಯಪ್‌ನಲ್ಲಿ ಹುಡುಕುವಾಗ 'ಸಾಗರ ಜಂಬಗಾರು' ಅಂತಲೇ ನೋಡಿ. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ.

ತತ್ಕಾಲ್ ತೆರೆಯೋದು ಒಂದು ದಿನ ಮೊದಲು, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಆ ಹೊತ್ತಲ್ಲಿ ಒಟಿಪಿ ಜೊತೆ ಗುದ್ದಾಡೋ ಬದಲು ಖಾತೆಗೆ ಆಧಾರ್ ಜೋಡಣೆ ಈಗಲೇ ಮುಗಿಸಿ. ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತೆ. ಅದನ್ನ ನಂಬಿ ಕೂರಬೇಡಿ.

ರೈಲು ಸಿಗದವರಿಗೆ ಕೆಎಸ್‌ಆರ್‌ಟಿಸಿ. ಹಬ್ಬಕ್ಕೆ ಪ್ರತಿ ವರ್ಷ ಹೆಚ್ಚುವರಿ ಬಸ್ ಬಿಡ್ತಾರೆ. ಶಿವಮೊಗ್ಗ, ಸಾಗರ, ಹುಬ್ಬಳ್ಳಿ, ಮಂಗಳೂರು ಕಡೆಯವು ಮೆಜೆಸ್ಟಿಕ್‌ನಿಂದ, ಮೈಸೂರು-ಮಡಿಕೇರಿ ಕಡೆಯವು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ಬ್ಯಾಗ್ ಹೊತ್ತು ಆಟೊ ಹತ್ತೋ ಮೊದಲು ಟಿಕೆಟ್‌ನಲ್ಲಿ ಯಾವ ನಿಲ್ದಾಣ ಅಂತ ಇನ್ನೊಮ್ಮೆ ನೋಡಿ. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟಲ್ಲಿ ಬುಕ್ ಮಾಡಿದರೆ ಶೇ. 5, ಹೋಗಿ-ಬರೋದು ಒಟ್ಟಿಗೆ ಮಾಡಿಸಿದರೆ ವಾಪಸ್ ದರದಲ್ಲಿ ಶೇ. 10 ರಿಯಾಯಿತಿ ಕೊಡ್ತಾ ಬಂದಿದ್ದಾರೆ. ಖಾಸಗಿ ಬಸ್ಸುಗಳ ಹಬ್ಬದ ದರದ ಬಗ್ಗೆ ನಾನು ಹೇಳೋದೇ ಬೇಡ.

ಕಾರಲ್ಲಿ ಹೋಗೋರಿಗೆ

ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ. ಈ ಊರುಗಳಲ್ಲೆಲ್ಲ ನಿಮಗೆ 'ಬಿ.ಹೆಚ್. ರಸ್ತೆ' ಅನ್ನೋ ಬೋರ್ಡ್ ಸಿಗುತ್ತೆ. ಅದು ಬೆಂಗಳೂರು-ಹೊನ್ನಾವರ ರಸ್ತೆಯ ಹಳೇ ಹೆಸರು. ಸಾಗರಕ್ಕೆ 350 ಕಿ.ಮೀ.ಗೂ ಹೆಚ್ಚು ದೂರ. ಹಬ್ಬದ ಮುಂಚಿನ ಸಂಜೆ ಆಫೀಸ್ ಮುಗಿಸಿ ಹೊರಟರೆ ನೆಲಮಂಗಲ ದಾಟೋದರಲ್ಲೇ ಅರ್ಧ ಜೀವ ಹೋಗುತ್ತೆ. ಬೆಳಗಿನ ಜಾವ 4 ಗಂಟೆಗೆ ಬಿಡಿ, ತಿಪಟೂರಲ್ಲಿ ತಿಂಡಿ ಆಗುತ್ತೆ. ಫಾಸ್ಟ್ಯಾಗ್ ಬ್ಯಾಲೆನ್ಸ್, ಸ್ಟೆಪ್ನಿ ಗಾಳಿ, ವೈಪರ್ ಮೂರನ್ನೂ ಹಿಂದಿನ ದಿನವೇ ನೋಡ್ಕೊಳ್ಳಿ. ಮಲೆನಾಡಲ್ಲಿ ಅಕ್ಟೋಬರ್ ಸಂಜೆ ಗುಡುಗು ಮಳೆ ಹೊಸದಲ್ಲ.

ಬಲಿಪಾಡ್ಯಮಿಯ ದಿನ ಹಳ್ಳಿ ರಸ್ತೆಯಲ್ಲಿ ಇನ್ನೂ ನಿಧಾನ. ಪೂಜೆ ಮುಗಿದ ದನಗಳನ್ನ ಹಾರ ಹಾಕಿ ಬಿಡ್ತಾರೆ. ಎಲ್ಲೋ ಒಂದು ಪಟಾಕಿ ಸದ್ದಾದರೆ ಅವು ಎತ್ತ ಓಡುತ್ತವೋ ಹೇಳೋಕಾಗಲ್ಲ. ಹಾರ್ನ್ ಮಾಡದೆ ನಿಲ್ಲಿಸಿ, ದಾಟಲಿ.

ಹೊಳೆಯಾಚೆಯ ತುಮರಿ ಕಡೆಯವರಿಗೆ ಈ ಪ್ರಯಾಣದ ಲೆಕ್ಕ 2025ರಲ್ಲಿ ಬದಲಾಯ್ತು. ಲಿಂಗನಮಕ್ಕಿ ಹಿನ್ನೀರು ಬಂದಾಗಿನಿಂದ ಅವರ ಹಬ್ಬ ಲಾಂಚ್ ಸಮಯ ನೋಡಿಕೊಂಡೇ ನಡೀತಿತ್ತು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಹೊಳೆಬಾಗಿಲಲ್ಲಿ ನಿಂತು ಆಚೆ ದಡ ನೋಡಬೇಕಿತ್ತು. ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯೋದು ತಪ್ಪಿದೆ. ಅಲ್ಲಿಯವರೂ ಈಗ ಒಂದು ದಿನ ಮೊದಲೇ ಹೋಗಬಹುದು.

ಬ್ಯಾಗಲ್ಲಿ ಏನಿರಲಿ?

ಹೂವು, ಬಾಳೆಕಂಬ, ಮಾವಿನ ಸೊಪ್ಪು ಕೆ.ಆರ್. ಮಾರ್ಕೆಟ್‌ನಿಂದ ಹೊತ್ತು ತರಬೇಡಿ. ಹಳ್ಳಿಗೆ ಹೋಗೋರಿಗೆ ಅವೆಲ್ಲ ಹಿತ್ತಲಲ್ಲೇ ಸಿಗುತ್ತೆ. ಸೇವಂತಿಗೆಯೋ ಗುಲಾಬಿಯೋ ತರಲೇಬೇಕು ಅಂದ್ರೆ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದರೆ ಬೆಳಗಾಗೋದರಲ್ಲಿ ಬೆಂದು ಹೋಗಿರುತ್ತೆ.

ಹಳ್ಳಿ ಅಂಗಡಿಯಲ್ಲಿ ಸುಲಭಕ್ಕೆ ಸಿಗದ್ದನ್ನ ತನ್ನಿ. ಒಳ್ಳೇ ಎಲ್‌ಇಡಿ ಸೀರಿಯಲ್ ಸೆಟ್, ಹೊರಗಡೆಗೆ ಆಗೋ ಎಕ್ಸ್‌ಟೆನ್ಷನ್ ಬೋರ್ಡ್, ಇನ್ಸುಲೇಷನ್ ಟೇಪ್, ಟೆಸ್ಟರ್, ತಲೆಗೆ ಕಟ್ಟೋ ಟಾರ್ಚ್, ಅಪ್ಪ-ಅಮ್ಮನ ಮುಂದಿನ ತಿಂಗಳ ಮಾತ್ರೆ.

ಪಟಾಕಿ ಮಾತ್ರ ಬೇಡವೇ ಬೇಡ. ರೈಲಲ್ಲಿ ಪಟಾಕಿ ಒಯ್ಯೋದು ಅಪರಾಧ. ರೈಲ್ವೆ ಕಾಯ್ದೆ 164ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಬೆಂಗಳೂರಿನ ಮನೆಯಲ್ಲಿ ಗ್ಯಾಸ್ ರೆಗ್ಯುಲೇಟರ್, ನಲ್ಲಿ, ಗೀಸರ್ ಬಂದ್ ಮಾಡಿ. ಹೊರಡೋ ಮೊದಲು ಹಚ್ಚಿದ ದೀಪ ಪೂರ್ತಿ ಆರಿದೆಯಾ ನೋಡಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ.

ಮೊದಲು ಏಣಿ, ಆಮೇಲೆ ಹೂವು

ಮಳೆಗಾಲ ಮುಗಿದ ಮಲೆನಾಡ ಮನೆ ನೋಡಿದವರಿಗೆ ಗೊತ್ತು. ಅಂಗಳದಲ್ಲಿ ಪಾಚಿ, ಗೋಡೆ ಬುಡದಲ್ಲಿ ತೇವ, ಮಾಡಿನ ಸಂದಿಯಲ್ಲಿ ಜೇಡರ ಬಲೆ. ಜೊತೆಗೆ ಅಡಿಕೆ ಕೊಯ್ಲಿನ ತಯಾರಿ ಬೇರೆ. ಹಾಗಾಗಿ ಅಲಂಕಾರ ಅಂದ್ರೆ ಮೊದಲು ಕೆರೆಯೋದು, ಗುಡಿಸೋದು, ಸಾರಿಸೋದು. ವಯಸ್ಸಾದವರು ಜಾರಿ ಬೀಳೋದು ಈ ಪಾಚಿಯ ಮೇಲೆ, ಏಣಿಯ ಮೇಲೆ. ಅದಕ್ಕೇ ಶನಿವಾರ ಊರು ಮುಟ್ಟಿದ ಕೂಡಲೇ ಈ ಎರಡು ಕೆಲಸ ನೀವೇ ತಗೊಳ್ಳಿ. ಅಟ್ಟದಿಂದ ಹಂಡೆ, ಹಿತ್ತಾಳೆ ದೀಪ ಇಳಿಸೋದೂ ಅದರಲ್ಲೇ ಸೇರಲಿ.

ಭಾನುವಾರ ದೀಪದ ಕೆಲಸ. ಸೀರಿಯಲ್ ಸೆಟ್ಟನ್ನ ಕಟ್ಟೋ ಮೊದಲು ನೆಲದಲ್ಲೇ ಹರಡಿ ಉರಿಸಿ ನೋಡಿ. ಮಳೆ ಹನಿ ಬೀಳೋ ಕಡೆ ಪ್ಲಗ್ ಜೋಡಣೆ ಬರದಂತೆ ನೋಡ್ಕೊಳ್ಳಿ, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಹೊಸ ಮಣ್ಣಿನ ಹಣತೆಗಳನ್ನ ಕೆಲವು ತಾಸು ನೀರಲ್ಲಿ ನೆನೆಸಿ, ಒಣಗಿಸಿ ಬಳಸಿದರೆ ಎಣ್ಣೆ ಕುಡಿಯೋದು ಕಡಿಮೆ. ಒಣಹುಲ್ಲು, ಅಡಿಕೆ ಸಿಪ್ಪೆ ಇರೋ ಕಡೆ ಹಣತೆ ಬೇಡ. ಸಂಜೆ ಮಳೆ ನಂಬಿಕೆ ಇಲ್ಲದ್ದರಿಂದ ದೊಡ್ಡ ರಂಗೋಲಿ ಅಂಗಳದಲ್ಲಲ್ಲ, ಜಗಲಿಯಲ್ಲಿ.

ಮಾವಿನ ತೋರಣ ಹಬ್ಬದ ಹಿಂದಿನ ಸಂಜೆ ಕಟ್ಟಿ. ಬಾಳೆ ನಾರಲ್ಲಿ ಪೋಣಿಸಿದರೆ ದಾರವೂ ಬೇಡ, ಪಿನ್ನೂ ಬೇಡ. ದನಗಳ ಸರಕ್ಕೆ ಅಡಿಕೆ, ಚೆಂಡು ಹೂ, ಪಚ್ಚೆತೆನೆ ಪೋಣಿಸೋ ಕೆಲಸಕ್ಕೆ ಮಕ್ಕಳನ್ನ ಕೂರಿಸಿ. ಶೇಡಿ, ಕೆಮ್ಮಣ್ಣು ಕಲಸಿಟ್ಟುಕೊಂಡು ಲೋಟದ ಬಾಯಿ ಅದ್ದಿ ದನದ ಮೈಮೇಲೆ ಉಂಗುರ ಒತ್ತೋದನ್ನ ಒಮ್ಮೆ ಕಂಡ ಮಗು ಫೋನ್ ಕೇಳಲ್ಲ.

ಗೋಡೆಗೆ ಆನ್‌ಲೈನ್ ಸ್ಟಿಕ್ಕರ್ ತರಿಸೋ ಮೊದಲು ಸುತ್ತಮುತ್ತ ಒಮ್ಮೆ ಕೇಳಿ ನೋಡಿ. ನಮ್ಮ ಭಾಗದ ದೀವರ ಹೆಣ್ಣುಮಕ್ಕಳು ಬರೆಯೋ ಹಸೆ ಚಿತ್ತಾರಕ್ಕೆ ಬೇಕಿರೋದು ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ದೀಪಾವಳಿಗೆ ಹದಿನೈದು ದಿನ ಮೊದಲು ಬರೋ ಭೂಮಿ ಹುಣ್ಣಿಮೆಗೆ ಬುಟ್ಟಿಗಳ ಮೇಲೂ ಇದೇ ಚಿತ್ತಾರ. ಬರೆಯೋರು ಊರಲ್ಲಿದ್ದರೆ ಹೇಳಿ ಬರೆಸಿ, ಕೆಲಸಕ್ಕೆ ತಕ್ಕ ದುಡ್ಡು ಕೊಡಿ.

ಒಂದು ಎಚ್ಚರಿಕೆ. ನಾವು ಹೋಗಿ ಎರಡು ದಿನದಲ್ಲಿ ಮನೆ ಬದಲಾಯಿಸೋಕೆ ನಿಲ್ಲಬಾರದು. ಏನು ಉಳಿಸಬೇಕು, ಏನು ಬಿಡಬಹುದು ಅಂತ ಅಮ್ಮನ್ನೇ ಕೇಳಿ. ನಮ್ಮಮ್ಮ ಮೂವತ್ತು ಹಣತೆ ಸಾಕು ಅಂದಳು, ಹಂಡೆಗೆ ಹೂ ಸುತ್ತೋದು ಮಾತ್ರ ಬಿಡಲ್ಲ ಅಂದಳು. ಪ್ಲಾಸ್ಟಿಕ್ ತೋರಣ ಈಗ ಕೊಟ್ಟಿಗೆ ಬಾಗಿಲಿಗೆ ಹೋಗಿದೆ. ಎಸೆಯೋಕೆ ಅವಳು ಬಿಟ್ಟಿಲ್ಲ, ದುಡ್ಡು ಕೊಟ್ಟದ್ದು ಅಂತೆ.

ಪಾಡ್ಯದ ನಂತರದ ರಾತ್ರಿಗಳಲ್ಲಿ ಅಂಟಿಗೆ-ಪಿಂಟಿಗೆಯವರು ಹಾಡುತ್ತಾ ಜ್ಯೋತಿ ಹಿಡಿದು ಮನೆಮನೆಗೆ ಬರ್ತಾರೆ. ದೀಪಕ್ಕೆ ಹಾಕೋಕೆ ಎಣ್ಣೆ ತೆಗೆದಿಟ್ಟಿರಿ. ಅವರು ಅಂಗಳಕ್ಕೆ ಬಂದಾಗ ಸೀರಿಯಲ್ ಸೆಟ್ ಆರಿಸಿ. ಕತ್ತಲಲ್ಲಿ ಆ ಒಂದು ಜ್ಯೋತಿ ಜಗಲಿ ಹತ್ತೋದನ್ನ ನೋಡಬೇಕು. ಇದಕ್ಕಾದರೂ ಪಾಡ್ಯದ ರಾತ್ರಿಯೇ ಬಸ್ ಹತ್ತಬೇಡಿ.

ಹೊರಡೋ ಮೊದಲು

ವಾಪಸ್ ಪ್ರಯಾಣಕ್ಕೆ ಭಾನುವಾರ ರಾತ್ರಿ ಬಿಟ್ಟು ಶನಿವಾರ ರಾತ್ರಿಯೋ ಭಾನುವಾರ ಹಗಲೋ ನೋಡಿ. ಸೋಮವಾರ ಬೆಳಗ್ಗೆ ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕೂತು ಮೀಟಿಂಗ್‌ಗೆ ಸೇರೋದು ತಪ್ಪುತ್ತೆ.

ಅಲಂಕಾರ ಇಳಿಸೋ ಕೆಲಸವೂ ನಿಮ್ಮದೇ. ನೀವು ಮಾಡಿಗೆ ಕಟ್ಟಿ ಬಂದ ಸೀರಿಯಲ್ ಸೆಟ್ಟನ್ನ ಇಳಿಸೋಕೆ ಮುಂದಿನ ವಾರ ಏಣಿ ಹತ್ತೋದು ಅಪ್ಪ. ಸೆಟ್ ಬಿಚ್ಚಿ, ರಟ್ಟಿಗೆ ಸುತ್ತಿ, ಡಬ್ಬದ ಮೇಲೆ ಹೆಸರು ಬರೆದು, ಅಟ್ಟದಲ್ಲಲ್ಲ, ಕೈಗೆ ಸಿಗೋ ಕಡೆ ಇಡಿ. ಹಣತೆ ಒರೆಸಿಡಿ, ಹಂಡೆ ಅಟ್ಟಕ್ಕೆ ಏರಿಸಿ, ಏಣಿಯನ್ನ ಅದರ ಜಾಗಕ್ಕೆ ಸೇರಿಸಿ. ಮಾವಿನ ತೋರಣ ಒಂದನ್ನ ಬಿಡಿ. ಅದು ಅಲ್ಲೇ ಒಣಗುತ್ತೆ, ಮುಂದಿನ ಹಬ್ಬಕ್ಕೆ ಬದಲಾಯಿಸೋಕೆ ನೀವು ಬರ್ತೀರಲ್ಲ.